ಹಲ್ಲಿಗೊಂದು ಕವಚ

ನಾಗರಬಾವಿಯ ಮಗ್ಗುಲಲ್ಲೇ ಇರುವ ಜ್ಞಾನಭಾರತಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರ ನಡೆಯುವ ತಾಣವಿದು. ಹಾಕಿ ಆಟಗಾರರು ಬಾಯಲ್ಲಿ ಕಚ್ಚಿಕೊಳ್ಳುವ ಹಲ್ಲಿನ ಕವಚ ಹುಟ್ಟಿದ್ದು ಮಾತ್ರ ಬಾಕ್ಸಿಂಗ್ ಅಖಾಡದಲ್ಲಿ.

1890ರ ದಶಕದಲ್ಲಿ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್, ಮಲಯದ ಮರವೊಂದರ ಹಾಲಿನಿಂದಾಗುವ ಗಟ್ಟಾಪರ್ಚಾ ಎಂಬ ಅಂಟಿನ ಪಟ್ಟಿಯನ್ನು ಬಾಕ್ಸರುಗಳ ಮೇಲ್ದವಡೆಗೆ ಹೊಂದಿಸಿದ. ಗುದ್ದಿಗೆ ತುಟಿ ಸೀಳದಿರಲಿ ಎಂಬುದಷ್ಟೇ ಉದ್ದೇಶ. ಪಂದ್ಯ ನಡೆಸುವವರಿಗೆ ಅದೂ ಅನ್ಯಾಯವಾಗಿ ಕಂಡಿತು! 1927ರಲ್ಲಿ ಅಮೆರಿಕದಲ್ಲಿ ಜಾಕ್ ಶಾರ್ಕಿಯೆದುರು ಮುಂದಿದ್ದ ಮೈಕ್ ಮೆಕ್‌ಟೀಗ್‌ನ ಮುರಿದ ಹಲ್ಲು ಅವನ ತುಟಿಯನ್ನೇ ಸೀಳಿತು, ಪಂದ್ಯ ಕೈತಪ್ಪಿತು. ಕವಚಕ್ಕೆ ಮನ್ನಣೆ ದೊರೆತದ್ದು ಆಮೇಲೆ.

ಹಾಕಿಯಲ್ಲಿ ಅದರ ಅಗತ್ಯ ಹೆಚ್ಚಿಸಿದ್ದು ಕೃತಕ ಹಾಸು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದೀಚೆಗೆ ಹುಲ್ಲಿನ ಮೈದಾನ ಹಿಂದೆ ಸರಿದು, ಸುಮಾರು 160 ಗ್ರಾಂ ತೂಕದ ಗಟ್ಟಿ ಚೆಂಡಿನ ವೇಗ ಏರಿತು.

ಅಂಗಡಿಯಲ್ಲಿ ಸಿಗುವ ಕವಚವನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಬೇಕು. ಅದು ಸರಿಯಾಗಿ ಕೂರದಿದ್ದರೆ ಮಾತಿಗೂ ಉಸಿರಿಗೂ ತೊಡಕು. ಕೊನೆಗೆ ಚೀಲ ಸೇರುತ್ತದೆ. ದಂತವೈದ್ಯರಾದರೋ ಆಟಗಾರನ ಹಲ್ಲಿನ ಅಚ್ಚು ತೆಗೆದು, ಅದರಿಂದ ಗಾರೆಯ ಪ್ರತಿರೂಪ ಮಾಡಿ, ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಂಟುವಂತೆ ಕೂರಿಸುತ್ತಾರೆ. ಇಷ್ಟಾದರೂ ಅಂತರರಾಷ್ಟ್ರೀಯ ಹಾಕಿ ನಿಯಮಗಳು ಆಟಗಾರರಿಗೆ ಇದನ್ನು ಶಿಫಾರಸು ಮಾಡುತ್ತವೆಯೇ ಹೊರತು ಕಡ್ಡಾಯಗೊಳಿಸಿಲ್ಲ.