ಗುಜರಿಯಿಂದ ಕಲೆ: ಚೆನ್ನೈನಲ್ಲಿ ಸಮುದಾಯ ಸಂಸ್ಥೆ ಕಟ್ಟುವುದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ

ಚೆನ್ನೈ: ಪೊಂಗಲ್ ಹಬ್ಬದ ಹಿಂದಿನ ದಿನ ಭೋಗಿ. ಹಳೆಯದನ್ನು ಕಳೆದು ಹೊಸದನ್ನು ಬರಮಾಡಿಕೊಳ್ಳುವ ದಿನವೆಂದು ಚೆನ್ನೈನಲ್ಲಿ ಹರಿದ ಚಾಪೆ, ಮುರಿದ ಕುರ್ಚಿ, ಹಳೆ ಬಟ್ಟೆಗಳನ್ನು ಬೆಳಗಿನ ಜಾವ ಸುಡುವುದು ವಾಡಿಕೆ. ಅದರ ಜೊತೆ ಟೈರು, ಪ್ಲಾಸ್ಟಿಕ್ ಕೂಡ ಬೆಂಕಿಗೆ ಬೀಳತೊಡಗಿದ ಮೇಲೆ ಹಬ್ಬ ಹೊಗೆಯಾಗಿ ಬದಲಾಯಿತು. 2018ರ ಭೋಗಿಯಂದು ದಟ್ಟ ಹೊಗೆಮಂಜಿನಿಂದ ಚೆನ್ನೈ ವಿಮಾನ ನಿಲ್ದಾಣದಲ್ಲಿ ಸಂಚಾರವೇ ಅಸ್ತವ್ಯಸ್ತವಾಗಿತ್ತು. ಹಳೆ ಸಾಮಾನು ಸುಡಬೇಡಿ, ಪೌರಕಾರ್ಮಿಕರ ಕೈಗೆ ಕೊಡಿ ಎಂದು ಮಹಾನಗರ ಪಾಲಿಕೆ ಈಚಿನ ವರ್ಷಗಳಲ್ಲಿ ಮನವಿ ಮಾಡುತ್ತಿದೆ.

ಹೀಗೆ ಮನೆಯಿಂದ ಹೊರಬೀಳುವ ಸಾಮಾನುಗಳಲ್ಲಿ ಒಂದಷ್ಟನ್ನು ಶಿಲ್ಪ, ಗೊಂಬೆ, ಗೋಡೆಚಿತ್ರ, ಮಕ್ಕಳ ಆಟಿಕೆಯಾಗಿ ಮಾಡುವ ಆಸೆ ಹಲವು ಬಡಾವಣೆಗಳ ಯುವಕರಿಗೆ, ಕಲಾ ಶಿಕ್ಷಕರಿಗೆ, ನಿವೃತ್ತರಿಗೆ ಇದೆ. ಒಂದು ಪ್ರತಿಮೆ ಮಾಡುವುದು ಕಷ್ಟವಲ್ಲ. ಅದನ್ನು ವರ್ಷಗಟ್ಟಲೆ ನಡೆಯುವ ಲಾಭರಹಿತ ಸಂಸ್ಥೆಯಾಗಿ ಕಟ್ಟುವುದೇ ಕಷ್ಟ. ಅದಕ್ಕೆ ಬೇಕಾದ ಕಾನೂನು, ಸಾಮಗ್ರಿ, ಸುರಕ್ಷತೆ ಮತ್ತು ಹಣಕಾಸಿನ ವಿವರ ಇಲ್ಲಿದೆ.

ಮೊದಲ ಪ್ರಶ್ನೆ: ಈ ಕಸ ಯಾರದ್ದು?

ಚೆನ್ನೈ ಮಹಾನಗರದಲ್ಲಿ ದಿನಕ್ಕೆ 5 ಸಾವಿರ ಟನ್‌ಗೂ ಹೆಚ್ಚು ಕಸ ಹುಟ್ಟುತ್ತದೆ. ಕೊಡುಂಗೈಯೂರು ಮತ್ತು ಪೆರುಂಗುಡಿಯ ಕಸದ ಗುಡ್ಡಗಳು ದಶಕಗಳಿಂದ ಇದರ ಸಾಕ್ಷಿ. ಆದರೆ ಬೆಲೆ ಬರುವ ಕಸ ಅಲ್ಲಿಯವರೆಗೆ ಹೋಗುವುದೇ ಕಡಿಮೆ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ನೀರಿನ ಬಾಟಲಿ, ರಟ್ಟು ಇವೆಲ್ಲ ಚಿಂದಿ ಆಯುವವರ ಕೈಯಿಂದ ಗುಜರಿ ಅಂಗಡಿಗೆ, ಅಲ್ಲಿಂದ ದೊಡ್ಡ ವ್ಯಾಪಾರಿಗೆ, ಕೊನೆಗೆ ಕಾರ್ಖಾನೆಗೆ ಸೇರುತ್ತವೆ. ತಮಿಳಿನಲ್ಲಿ ಇಂಥ ಅಂಗಡಿಗೆ 'ಕಾಯಲಾನ್ ಕಡೈ' ಎನ್ನುತ್ತಾರೆ.

ಆದ್ದರಿಂದ ಹೊಸ ಸಂಸ್ಥೆಯೊಂದು ಮನೆಮನೆಗೆ ಹೋಗಿ ಕಬ್ಬಿಣ, ಬಾಟಲಿಗಳನ್ನು ಉಚಿತವಾಗಿ ಸಂಗ್ರಹಿಸಿದರೆ ಆಗುವುದು ಪರಿಸರ ಸೇವೆ ಮಾತ್ರವಲ್ಲ, ಮತ್ತೊಬ್ಬರ ದಿನಗೂಲಿಗೆ ಕತ್ತರಿ ಕೂಡ. ಇದನ್ನು ತಪ್ಪಿಸಲು ಎರಡು ದಾರಿಗಳಿವೆ. ಒಂದು, ಬೆಲೆಯುಳ್ಳ ವಸ್ತುವನ್ನು ಗುಜರಿ ಅಂಗಡಿಯಿಂದ ದುಡ್ಡು ಕೊಟ್ಟೇ ಖರೀದಿಸುವುದು. ಎರಡು, ಗುಜರಿಯವರೂ ಬೇಡವೆನ್ನುವ ವಸ್ತುಗಳನ್ನು ಆರಿಸಿಕೊಳ್ಳುವುದು. ಒಡೆದ ಆಟಿಕೆ, ಟೈಲ್ಸ್ ಚೂರು, ಬಳೆ ಚೂರು, ಚಿಪ್ಸ್ ಪೊಟ್ಟಣ, ದರ್ಜಿ ಅಂಗಡಿಯ ಬಟ್ಟೆ ತುಂಡು, ಹರಿದ ಮೀನುಬಲೆ ಈ ಗುಂಪಿಗೆ ಸೇರುತ್ತವೆ.

ಚೆನ್ನೈ ಮೂಲದ 'ಕಬಾಡಿವಾಲಾ ಕನೆಕ್ಟ್' ಸಂಸ್ಥೆ ನಗರದ ಗುಜರಿ ಅಂಗಡಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಈ ಅನೌಪಚಾರಿಕ ಜಾಲವನ್ನೇ ತ್ಯಾಜ್ಯ ನಿರ್ವಹಣೆಗೆ ಬಳಸುವ ಕೆಲಸ ಮಾಡಿದೆ. ಬೆಂಗಳೂರಿನಲ್ಲಿ 'ಹಸಿರು ದಳ' ತ್ಯಾಜ್ಯ ಆಯುವವರನ್ನು ಸಂಘಟಿಸಿದೆ. ಅಲ್ಲಿ ಪಾಲಿಕೆಯಿಂದಲೇ ಅವರಿಗೆ ಗುರುತಿನ ಚೀಟಿ ಸಿಕ್ಕಿದೆ. ಚಿಂದಿ ಆಯುವವರು ಮತ್ತು ಗುಜರಿ ವ್ಯಾಪಾರಿಗಳ ಪ್ರತಿನಿಧಿಯೊಬ್ಬರು ಆಡಳಿತ ಮಂಡಳಿಯಲ್ಲಿದ್ದರೆ ಮಾತ್ರ 'ಸಮುದಾಯ ಸಂಸ್ಥೆ' ಎಂಬ ಹೆಸರಿಗೆ ಅರ್ಥ ಬರುತ್ತದೆ.

ಹತ್ತಿರದ ಮಾದರಿ: ಸುನಾಮಿ ನಂತರದ ಗೊಂಬೆ

ಈ ಬಗೆಯ ಕೆಲಸಕ್ಕೆ ಚೆನ್ನೈಗೆ ಸಮೀಪದ ಉತ್ತಮ ಉದಾಹರಣೆ ಆರೋವಿಲ್‌ನ 'ಸುನಾಮಿಕಾ' ಗೊಂಬೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡು ಕರಾವಳಿಯ ಮೀನುಗಾರ ಕುಟುಂಬಗಳು ಜೀವನೋಪಾಯವನ್ನೂ ನೆಮ್ಮದಿಯನ್ನೂ ಕಳೆದುಕೊಂಡವು. ಆಗ ಆರೋವಿಲ್‌ನ 'ಉಪಾಸನಾ' ವಿನ್ಯಾಸ ಸಂಸ್ಥೆ ತನ್ನಲ್ಲಿ ಉಳಿದ ಬಟ್ಟೆ ಚೂರುಗಳಿಂದ ಪುಟ್ಟ ಗೊಂಬೆ ಮಾಡುವುದನ್ನು ಸುತ್ತಲಿನ ಹಳ್ಳಿಗಳ ಮಹಿಳೆಯರಿಗೆ ಕಲಿಸಿತು. ದುಃಖದಲ್ಲಿದ್ದವರ ಕೈಗೆ ಕೆಲಸ ಕೊಡುವುದು ಮೊದಲ ಉದ್ದೇಶವಾಗಿತ್ತು.

ಈ ಗೊಂಬೆಯನ್ನು ಮಾರುವುದಿಲ್ಲ, ಉಡುಗೊರೆಯಾಗಿ ಕೊಡುತ್ತಾರೆ. ಪಡೆದವರು ಇಷ್ಟವಿದ್ದರೆ ದೇಣಿಗೆ ನೀಡಬಹುದು. ಮಹಿಳೆಯರ ದುಡಿಮೆಗೆ ಹಣ ಬರುವುದು ಆ ದೇಣಿಗೆಯಿಂದ. ಆರೋವಿಲ್‌ನಲ್ಲೇ 'ವೆಲ್ ಪೇಪರ್' ಎಂಬ ಮತ್ತೊಂದು ಘಟಕ ಹಳೆಯ ಸುದ್ದಿಪತ್ರಿಕೆಗಳನ್ನು ಸುರುಳಿ ಸುತ್ತಿ ಬುಟ್ಟಿ, ಬಟ್ಟಲು, ಆಭರಣ ಮಾಡುವುದನ್ನು ಹಳ್ಳಿಯ ಮಹಿಳೆಯರಿಗೆ ಕಲಿಸಿದೆ. ಎರಡರಲ್ಲೂ ಸಾಮಗ್ರಿ ಅಗ್ಗದ್ದು, ಉಪಕರಣ ಸರಳ, ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಹೊಸ ಸಂಸ್ಥೆಗಳು ಮೊದಲ ವರ್ಷ ವೆಲ್ಡಿಂಗ್ ಯಂತ್ರ ಕೊಳ್ಳುವ ಮುನ್ನ ಇಂಥ ಕೆಲಸದಿಂದ ಆರಂಭಿಸುವುದು ಲೇಸು.

ಚಂಡೀಗಢ ಕಲಿಸಿದ ಪಾಠ

ಕಸದಿಂದ ಕಲೆ ಎಂದರೆ ದೇಶಕ್ಕೆ ಮೊದಲು ನೆನಪಾಗುವುದು ಚಂಡೀಗಢದ ರಾಕ್ ಗಾರ್ಡನ್. ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ತಪಾಸಕರಾಗಿದ್ದ ನೇಕ್ ಚಂದ್, ಹೊಸ ನಗರಕ್ಕಾಗಿ ಕೆಡವಿದ ಹಳ್ಳಿಗಳ ಅವಶೇಷ, ಒಡೆದ ಪಿಂಗಾಣಿ, ಬಳೆ ಚೂರುಗಳನ್ನು ಬಿಡುವಿನ ವೇಳೆಯಲ್ಲಿ ಸಾಗಿಸಿ ಸರ್ಕಾರಿ ಜಾಗದಲ್ಲಿ ಗುಟ್ಟಾಗಿ ಶಿಲ್ಪವನ ಕಟ್ಟಿದರು. ಅಧಿಕಾರಿಗಳಿಗೆ ಗೊತ್ತಾದಾಗ ಅದನ್ನು ಕೆಡವುವ ಮಾತು ಬಂತು. ಜನಾಭಿಪ್ರಾಯ ಅದನ್ನು ಉಳಿಸಿತು. 1976ರಲ್ಲಿ ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. 1984ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1996ರಲ್ಲಿ ನೇಕ್ ಚಂದ್ ವಿದೇಶ ಪ್ರವಾಸದಲ್ಲಿದ್ದಾಗ ಆಡಳಿತ ನೆರವು ಹಿಂತೆಗೆದುಕೊಂಡಿತು, ಕಿಡಿಗೇಡಿಗಳು ಶಿಲ್ಪಗಳನ್ನು ಹಾಳುಗೆಡವಿದರು. ಬಳಿಕ ರಾಕ್ ಗಾರ್ಡನ್ ಸೊಸೈಟಿ ನಿರ್ವಹಣೆಗೆ ಮುಂದೆ ಬಂತು. ನೇಕ್ ಚಂದ್ 2015ರಲ್ಲಿ ತೀರಿಕೊಂಡರು, ಉದ್ಯಾನ ಇಂದಿಗೂ ಉಳಿದಿದೆ. ಒಬ್ಬ ಕಲಾವಿದನ ಕೈಚಳಕಕ್ಕಿಂತ ಹೆಚ್ಚು ಬಾಳುವುದು ಅದರ ಹಿಂದೆ ನಿಲ್ಲುವ ಸಂಸ್ಥೆ. ನೋಡಿಕೊಳ್ಳುವವರಿಲ್ಲದಿದ್ದರೆ ಗುಜರಿಯಿಂದಾದ ಶಿಲ್ಪ ಮತ್ತೆ ಗುಜರಿಯೇ ಆಗುತ್ತದೆ.

ನೋಂದಣಿಗೆ ಮೂರು ದಾರಿ

1. ಸಂಘ: ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆ 1975ರ ಅಡಿಯಲ್ಲಿ ಕನಿಷ್ಠ 7 ಮಂದಿ ಸೇರಿ ಜಿಲ್ಲಾ ನೋಂದಣಾಧಿಕಾರಿ ಬಳಿ ನೋಂದಾಯಿಸಬಹುದು. ಸದಸ್ಯರಿಗೆ ಮತದಾನದ ಹಕ್ಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಸಲ್ಲಿಕೆ ಇರುತ್ತದೆ. ಬಡಾವಣೆಯ ಜನರೇ ನಡೆಸುವ ಸಂಸ್ಥೆಗೆ ಇದು ಹೊಂದುತ್ತದೆ. ಕರ್ನಾಟಕದಲ್ಲಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿಯೂ ಕನಿಷ್ಠ ಸಂಖ್ಯೆ 7.

2. ಟ್ರಸ್ಟ್: ಟ್ರಸ್ಟ್ ಪತ್ರ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವ ಸರಳ ದಾರಿ. ಕೆಲವೇ ಮಂದಿ ಟ್ರಸ್ಟಿಗಳು ಸಾಕು. ನಿರ್ಧಾರ ಬೇಗ ಆಗುತ್ತದೆ, ಆದರೆ ಅಧಿಕಾರ ಕೆಲವರ ಕೈಯಲ್ಲೇ ಉಳಿಯುತ್ತದೆ.

3. ಸೆಕ್ಷನ್ 8 ಕಂಪನಿ: 2013ರ ಕಂಪನಿ ಕಾಯ್ದೆಯಡಿ ಬರುವ ಲಾಭರಹಿತ ಕಂಪನಿ. ಲಾಭಾಂಶ ಹಂಚುವಂತಿಲ್ಲ. ಲೆಕ್ಕಪತ್ರದ ಶಿಸ್ತು ಹೆಚ್ಚು, ಖರ್ಚೂ ಹೆಚ್ಚು. ದೊಡ್ಡ ಕಂಪನಿಗಳ ನೆರವು ನಿರೀಕ್ಷಿಸುವವರು ಇದನ್ನು ಆರಿಸುತ್ತಾರೆ.

ತೆರಿಗೆ ಮತ್ತು ದೇಣಿಗೆ: ಗಮನದಲ್ಲಿರಲಿ

* 1961ರ ಆದಾಯ ತೆರಿಗೆ ಕಾಯ್ದೆಯ 12ಎಬಿ ಅಡಿ ಸಂಸ್ಥೆಯ ಆದಾಯಕ್ಕೆ, 80ಜಿ ಅಡಿ ದೇಣಿಗೆ ನೀಡಿದವರಿಗೆ ವಿನಾಯಿತಿ ದೊರೆಯುತ್ತಿತ್ತು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯವಾಗುವುದರಿಂದ ಕಲಂಗಳ ಸಂಖ್ಯೆ ಬದಲಾಗಿದೆ. ಅರ್ಜಿ ಹಾಕುವಾಗ ಲೆಕ್ಕಪರಿಶೋಧಕರ ಬಳಿ ಹೊಸ ಸಂಖ್ಯೆ ಖಚಿತಪಡಿಸಿಕೊಳ್ಳಿ.

* 80ಜಿ ನಿಯಮದಂತೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ವಿನಾಯಿತಿ ಇಲ್ಲ. ಮೊದಲ ದಿನದಿಂದಲೇ ಬ್ಯಾಂಕ್ ಮೂಲಕ ಹಣ ಪಡೆದು ರಸೀದಿ ಕೊಡುವುದು ಒಳ್ಳೆಯದು.

* ಉದ್ದೇಶಗಳ ಪಟ್ಟಿಯನ್ನು ಎಚ್ಚರದಿಂದ ಬರೆಯಬೇಕು. ಶಿಕ್ಷಣ, ಬಡವರ ನೆರವು, ಪರಿಸರ ಸಂರಕ್ಷಣೆ ಒಂದು ಬಗೆ, 'ಸಾಮಾನ್ಯ ಸಾರ್ವಜನಿಕ ಉಪಯೋಗ' ಮತ್ತೊಂದು ಬಗೆ. ಈ ಎರಡನೆಯ ಗುಂಪಿಗೆ ಸೇರಿದರೆ ವ್ಯಾಪಾರದ ಸ್ವರೂಪದ ಆದಾಯ ವರ್ಷದ ಒಟ್ಟು ಸ್ವೀಕೃತಿಯ ಶೇ.20 ಮೀರುವಂತಿಲ್ಲ. ಕಲಾಕೃತಿ ಮಾರಿ ಸಂಸ್ಥೆ ನಡೆಸುವ ಯೋಜನೆ ಇರುವವರಿಗೆ ಇದು ಬಹಳ ಮುಖ್ಯ.

* ನೀತಿ ಆಯೋಗದ 'ಎನ್‌ಜಿಒ ದರ್ಪಣ್' ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸರ್ಕಾರಿ ಅನುದಾನಕ್ಕೆ ಅರ್ಜಿ ಹಾಕಲು ಅನುಕೂಲ. ಕಂಪನಿಗಳ ಸಿಎಸ್‌ಆರ್ ಹಣ ಪಡೆಯಲು ಸಿಎಸ್‌ಆರ್-1 ನಮೂನೆ ಸಲ್ಲಿಸಿರಬೇಕು.

* ವಿದೇಶದಲ್ಲಿರುವ ಬಂಧುಮಿತ್ರರು ಹಣ ಕಳಿಸುತ್ತೇನೆಂದರೆ ಅವಸರ ಬೇಡ. ವಿದೇಶಿ ಮೂಲದ ದೇಣಿಗೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. ನೋಂದಣಿಗೆ ಸಂಸ್ಥೆ ಕನಿಷ್ಠ 3 ವರ್ಷ ಹಳೆಯದಾಗಿರಬೇಕು, ಆ ಅವಧಿಯಲ್ಲಿ ಮುಖ್ಯ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಭಾರತೀಯ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿಗಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ.

ಸಾಮಗ್ರಿ ಎಲ್ಲಿ ಸಿಗುತ್ತದೆ?

ಹಳೆ ವಾಹನದ ಬಿಡಿಭಾಗಗಳಿಗೆ ಪುದುಪೇಟೆ ಹೆಸರುವಾಸಿ. ಗೇರು, ಚೈನು, ಸ್ಪ್ರಿಂಗ್, ಸೈಲೆನ್ಸರ್‌ಗಳು ಅಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಎಲೆಕ್ಟ್ರಾನಿಕ್ಸ್‌ಗೆ ರಿಚಿ ಸ್ಟ್ರೀಟ್, ಮೀನುಬಲೆಗೆ ಕಾಸಿಮೇಡು ಬಂದರು ಇದೆ. ಖರೀದಿಸುವಾಗ ಬಿಲ್ ಅಥವಾ ಮಾರಿದವರ ಸಹಿಯಿರುವ ಚೀಟಿ ಪಡೆಯಬೇಕು. ವಾಹನದ ಬಿಡಿಭಾಗ ಕದ್ದ ಮಾಲಾಗಿದ್ದರೆ ತಲೆನೋವು ಸಂಸ್ಥೆಗೆ ಬರುತ್ತದೆ.

ಮರೀನಾ, ಬೆಸೆಂಟ್ ನಗರದ ಎಲಿಯಟ್ಸ್ ಬೀಚ್‌ನಲ್ಲಿ ಸ್ವಚ್ಛತಾ ಅಭಿಯಾನಗಳು ನಡೆಯುತ್ತಲೇ ಇರುತ್ತವೆ. ಅಮೆರಿಕದ ಓರೆಗಾನ್ ಕರಾವಳಿಯಲ್ಲಿ 2010ರಲ್ಲಿ ಶುರುವಾದ 'ವಾಶ್ಡ್ ಅಶೋರ್' ಎಂಬ ಲಾಭರಹಿತ ಸಂಸ್ಥೆ ಕಡಲತೀರದ ಪ್ಲಾಸ್ಟಿಕ್ಕನ್ನೇ ಸ್ವಯಂಸೇವಕರಿಂದ ತೊಳೆಸಿ, ಬಣ್ಣದ ಪ್ರಕಾರ ವಿಂಗಡಿಸಿ ಬೃಹತ್ ಕಡಲಜೀವಿಗಳ ಶಿಲ್ಪ ಮಾಡುತ್ತದೆ. ತೊಳೆಯುವುದು, ಒಣಗಿಸುವುದು, ವಿಂಗಡಿಸುವುದು ಕಲೆಯಷ್ಟೇ ಸಮಯ ಬೇಡುವ ಕೆಲಸ. ಅದಕ್ಕೆ ನೀರು, ನೆರಳು, ಬೀಗ ಹಾಕುವ ಗೋದಾಮು ಇರಲೇಬೇಕು. ಮುಚ್ಚಳವಿಲ್ಲದೆ ಬಿಟ್ಟ ಟೈರು, ಡಬ್ಬಗಳಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆ ಹುಟ್ಟುತ್ತದೆ.

ಮುಟ್ಟಬಾರದ ಕಸ

* ಹಳೆಯ ಟಿವಿ, ಮಾನಿಟರ್‌ಗಳ ಪಿಕ್ಚರ್ ಟ್ಯೂಬ್ ಒಡೆಯಬಾರದು, ಅದರ ಗಾಜಿನಲ್ಲಿ ಸೀಸವಿದೆ. ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳಲ್ಲಿ ಪಾದರಸವಿದೆ.

* ಇ-ತ್ಯಾಜ್ಯ ನಿರ್ವಹಣಾ ನಿಯಮ 2022ರಂತೆ ಎಲೆಕ್ಟ್ರಾನಿಕ್ ತ್ಯಾಜ್ಯದ ಮರುಬಳಕೆ ಘಟಕಗಳು ನೋಂದಾಯಿತವಾಗಿರಬೇಕು. ಅಂಥ ಘಟಕದಿಂದ ಶುಚಿಗೊಂಡ ಕೀಬೋರ್ಡ್ ಗುಂಡಿ, ಬೋರ್ಡ್ ಪಡೆಯುವುದು ಕ್ಷೇಮ.

* ಆಸ್ಪತ್ರೆ ತ್ಯಾಜ್ಯ, ಬ್ಯಾಟರಿ, ರಾಸಾಯನಿಕ ಡಬ್ಬ ಸ್ವೀಕರಿಸಬಾರದು.

* ಸತು ಲೇಪಿತ ತಗಡಿಗೆ ಬೆಸುಗೆ ಹಾಕುವಾಗ ಏಳುವ ಹೊಗೆಯಿಂದ ಜ್ವರ ಬರುತ್ತದೆ. ಪಿವಿಸಿ ಸುಟ್ಟರೆ ವಿಷಾನಿಲ ಹೊರಡುತ್ತದೆ.

* ಕೈಗವಸು, ಕನ್ನಡಕ, ಗಟ್ಟಿ ಬೂಟು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಟಿಟಿ ಚುಚ್ಚುಮದ್ದು ಬಜೆಟ್‌ನ ಮೊದಲ ಸಾಲಿನಲ್ಲಿರಲಿ. ಮಕ್ಕಳ ಕೈಗೆ ಕಟರ್, ವೆಲ್ಡಿಂಗ್ ಕೆಲಸ ಬೇಡ.

ಕಲಾವಿದರು ಮತ್ತು ಜಾಗ

1850ರಲ್ಲಿ ಆರಂಭವಾದ ಚೆನ್ನೈನ ಸರ್ಕಾರಿ ಲಲಿತಕಲಾ ಕಾಲೇಜು, ಗ್ರೀಮ್ಸ್ ರಸ್ತೆಯ ಲಲಿತಕಲಾ ಅಕಾಡೆಮಿ ಪ್ರಾದೇಶಿಕ ಕೇಂದ್ರ, 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಹುಟ್ಟಿದ ಚೋಳಮಂಡಲ ಕಲಾವಿದರ ಗ್ರಾಮ ನಗರದಲ್ಲೇ ಇವೆ. ಚೋಳಮಂಡಲದ ಕಲಾವಿದರು ಕರಕುಶಲ ವಸ್ತುಗಳನ್ನು ಮಾಡಿ ಮಾರಿ ತಮ್ಮ ಹಳ್ಳಿ ಕಟ್ಟಿಕೊಂಡವರು. ಸಹಕಾರದಿಂದ ಕಲೆ ಬದುಕಬಹುದು ಎಂಬುದಕ್ಕೆ ಅದು ನಿದರ್ಶನ. ಕಲಾವಿದರಿಗೆ ಗೌರವಧನ, ಕೃತಿಯ ಮೇಲೆ ಹೆಸರು, ಹಕ್ಕುಸ್ವಾಮ್ಯ ಯಾರದ್ದು ಎಂಬುದು ಲಿಖಿತವಾಗಿರಲಿ.

ರಸ್ತೆ ವೃತ್ತದಲ್ಲಿ ಶಿಲ್ಪ ನಿಲ್ಲಿಸುವ ಕನಸು ಇದ್ದರೆ ಒಂದು ವಿಷಯ ತಿಳಿದಿರಬೇಕು. ಸಾರ್ವಜನಿಕ ರಸ್ತೆ, ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ ಅಥವಾ ಕಟ್ಟಡಗಳಿಗೆ ಅನುಮತಿ ನೀಡದಂತೆ 2013ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ. ಶಾಲೆ, ಉದ್ಯಾನ, ಗ್ರಂಥಾಲಯ, ವಸತಿ ಸಮುಚ್ಚಯಗಳ ಆವರಣವೇ ಸೂಕ್ತ. ಕಡಲತೀರದಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮಗಳಿವೆ. ವರ್ಷದ ಆರಂಭದ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುವುದರಿಂದ ರಾತ್ರಿ ದೀಪ, ಅಡ್ಡಗಟ್ಟೆ ಸಲ್ಲದು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಹೀಗಾಗಿ ಬಣ್ಣ ಬಳಿಯುವ ಖರ್ಚನ್ನು ಮೊದಲೇ ತೆಗೆದಿಡಬೇಕು.

ಆದಾಯ ಹೇಗೆ?

ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ತೆರೆದ 'ವೇಸ್ಟ್ ಟು ವಂಡರ್' ಉದ್ಯಾನದಲ್ಲಿ ಸುಮಾರು 150 ಟನ್ ಗುಜರಿಯಿಂದ ಮಾಡಿದ ಜಗತ್ತಿನ 7 ಅದ್ಭುತಗಳ ಪ್ರತಿಕೃತಿಗಳಿದ್ದು, ಟಿಕೆಟ್ ಹಣ ಪಾಲಿಕೆಗೆ ಬರುತ್ತದೆ. ಸಣ್ಣ ಸಂಸ್ಥೆಗೆ ಅಷ್ಟು ದೊಡ್ಡ ಯೋಜನೆ ಸಾಧ್ಯವಿಲ್ಲ. ಶಾಲಾ ಕಾರ್ಯಾಗಾರ, ಕಂಪನಿ ಸಿಬ್ಬಂದಿಗೆ ತರಬೇತಿ, ಸದಸ್ಯತ್ವ ಶುಲ್ಕ, ಹಬ್ಬದ ಮಾರಾಟ ಮುಖ್ಯ ಮೂಲಗಳು. ಪದ್ಮಶ್ರೀ ಪುರಸ್ಕೃತ ಅರವಿಂದ ಗುಪ್ತಾ ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್, ಹಳೆ ಕಾಗದದಿಂದ ರೂಪಿಸಿದ ವಿಜ್ಞಾನ ಆಟಿಕೆಗಳು ಶಾಲೆಗಳಿಗೆ ಸಿದ್ಧ ಪಠ್ಯದಂತಿವೆ.

ನವರಾತ್ರಿ ಮತ್ತೊಂದು ಅವಕಾಶ. ಚೆನ್ನೈನ ಕೊಲು, ಮೈಸೂರಿನ ಗೊಂಬೆ ಹಬ್ಬ ಎರಡರಲ್ಲೂ ಮನೆಮಂದಿ ಪಾರ್ಕು, ಸಂತೆ, ಊರು ಕಟ್ಟಿ ಅಲಂಕರಿಸುತ್ತಾರೆ. ತೆಂಗಿನ ಚಿಪ್ಪು, ಬಾಟಲಿ ಮುಚ್ಚಳ, ರಟ್ಟಿನಿಂದ ಮಾಡಿದ ಗೊಂಬೆಗಳಿಗೆ ಆಗ ಜಾಗವಿದೆ.

ಮೊದಲ ವರ್ಷದ ಹೆಜ್ಜೆಗಳು

* ಮೊದಲ 3 ತಿಂಗಳು: 7 ಮಂದಿಯ ತಂಡ, ಸಮೀಪದ ಗುಜರಿ ಅಂಗಡಿಗಳ ಪಟ್ಟಿ, ಜಾಗದ ಲಿಖಿತ ಒಪ್ಪಿಗೆ.

* 4ರಿಂದ 6ನೇ ತಿಂಗಳು: ನೋಂದಣಿ, ಪ್ಯಾನ್, ಬ್ಯಾಂಕ್ ಖಾತೆ, ಒಂದು ಶಾಲೆಯಲ್ಲಿ ಪ್ರಾಯೋಗಿಕ ಕಾರ್ಯಾಗಾರ.

* 7ರಿಂದ 9ನೇ ತಿಂಗಳು: ತೆರಿಗೆ ನೋಂದಣಿಗೆ ಅರ್ಜಿ, ಒಂದೇ ಬಗೆಯ ಸಾಮಗ್ರಿಯಲ್ಲಿ ಪರಿಣತಿ.

* 10ರಿಂದ 12ನೇ ತಿಂಗಳು: ಬಡಾವಣೆಯ ಪ್ರದರ್ಶನ, ಲೆಕ್ಕಪತ್ರ ಬಹಿರಂಗ, ಮುಂದಿನ ವರ್ಷದ ನಿರ್ವಹಣಾ ನಿಧಿ.

ಪ್ರದರ್ಶನದ ದಿನ ಎಷ್ಟು ಕೆಜಿ ಕಸ ಬಳಕೆಯಾಯಿತು ಎಂಬ ಫಲಕ ಹಾಕುವುದು ರೂಢಿ. ಅದರ ಪಕ್ಕದಲ್ಲೇ ಗುಜರಿ ಅಂಗಡಿಗೆ, ವಿಂಗಡಿಸಿದವರಿಗೆ, ಕಲಾವಿದರಿಗೆ ಎಷ್ಟು ರೂಪಾಯಿ ಸಂದಿತು ಎಂಬ ಲೆಕ್ಕವನ್ನೂ ಬರೆಯಬೇಕು. ಸಂಸ್ಥೆ ಮುಂದಿನ ವರ್ಷಕ್ಕೆ ದಾಟುತ್ತದೆಯೇ ಎಂಬುದನ್ನು ಈ ಎರಡನೆಯ ಫಲಕ ಹೇಳುತ್ತದೆ.