ಎರೆ ಹೊಲಕ್ಕೆ ಕಾಲುವೆ ನೀರು ಬಂದ ಮೇಲೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಿರಿಯರು ಹೊಲವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತಾರೆ: ಎರೆ, ಮಸಾರಿ. ಎರೆ ಎಂದರೆ ಕಪ್ಪು ಮಣ್ಣು, ಮಸಾರಿ ಎಂದರೆ ಕೆಂಪು. ಯಾವ ಬೆಳೆ, ಯಾವಾಗ ಬಿತ್ತನೆ ಎಂಬ ಲೆಕ್ಕವೆಲ್ಲ ಅದರಲ್ಲೇ ಇತ್ತು.

ಎರೆಯಲ್ಲಿ ಜೇಡಿ ಅಂಶ ಹೆಚ್ಚು. ಮಳೆ ನೀರನ್ನು ಹೀರಿ ಬಹಳ ದಿನ ಹಿಡಿದಿಡುತ್ತದೆ. ಅದಕ್ಕೇ ಮುಂಗಾರಿನಲ್ಲಿ ಹೊಲ ಹರಗಿ ಬಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬಿತ್ತುತ್ತಿದ್ದರು. ಆಮೇಲೆ ಮಳೆ ಬಾರದಿದ್ದರೂ ನೆಲದ ಹಸಿಯಲ್ಲೇ ಬೆಳೆ ಕೈಗೆ ಬರುತ್ತಿತ್ತು. ಮಳೆ ಪೂರ್ತಿ ಕೈಕೊಟ್ಟರೆ ಮಾತ್ರ ಬರ, ಗುಳೆ.

ಆ ಬರ ನೀಗಲೆಂದೇ ತುಂಗಭದ್ರಾ ಅಣೆಕಟ್ಟು. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಸೇರಿ 1945ರಲ್ಲಿ ಕೆಲಸ ಶುರು ಮಾಡಿದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಮೂಲ ಯೋಜನೆ ಸರಳ: ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ಹೆಚ್ಚು ಜಮೀನು, ಭತ್ತಕ್ಕೆ ಕಡಿಮೆ.

ಆದದ್ದು ಬೇರೆ. ನೀರಾವರಿ ಬಲ್ಲ ರೈತರು ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡರು. ಸಿಂಧನೂರು, ಗಂಗಾವತಿ ಸುತ್ತ ಕ್ಯಾಂಪುಗಳು ಎದ್ದವು. ಭತ್ತದಲ್ಲಿ ದುಡ್ಡು ಕಂಡು ನಮ್ಮವರೂ ಅದನ್ನೇ ಹಿಡಿದರು. ಗಂಗಾವತಿ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳು ಬಂದವು, ಸಾವಿರಾರು ಕೈಗಳಿಗೆ ಕೆಲಸ ಸಿಕ್ಕಿತು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಎರೆಯ ಗುಣ ಬದಲಾಗಲಿಲ್ಲ. ಬರಗಾಲದಲ್ಲಿ ಹಸಿ ಕಾಯ್ದು ಕೊಟ್ಟ ಅದೇ ಮಣ್ಣು, ತಿಂಗಳುಗಟ್ಟಲೆ ನಿಂತ ನೀರನ್ನೂ ಬೇಗ ಕೆಳಗೆ ಬಿಡಲಿಲ್ಲ. ಬಸಿಗಾಲುವೆ ಇಲ್ಲದ ತಗ್ಗಿನ ಹೊಲಗಳಲ್ಲಿ ನೆಲದ ನೀರು ಮೇಲೆದ್ದಿತು. ಬಿಸಿಲಿಗೆ ನೀರು ಆವಿಯಾಗಿ, ಅದರೊಂದಿಗೆ ಬಂದ ಉಪ್ಪು ಮೇಲುಮಣ್ಣಿನಲ್ಲೇ ಉಳಿಯಿತು. ಮೊದಲು ಜವಳು, ಆಮೇಲೆ ಸವಳು. ಇತ್ತ ಮೇಲ್ಭಾಗದ ಭತ್ತವೇ ಹೆಚ್ಚು ನೀರು ಕುಡಿದು, ಮಾನ್ವಿ, ರಾಯಚೂರು ಕಡೆಯ ಕೊನೆಭಾಗದ ಹೊಲಗಳು ನೀರಿಗೆ ಕಾಯುವಂತಾಯಿತು. ಒಂದೇ ಕಾಲುವೆಯ ಒಂದು ತುದಿಯಲ್ಲಿ ನೀರು ಹೆಚ್ಚಾಗಿ ಕೇಡು, ಇನ್ನೊಂದು ತುದಿಯಲ್ಲಿ ನೀರಿಲ್ಲದೆ ಕೇಡು.

ತಪ್ಪನ್ನು ಹೊರಗಿನಿಂದ ಬಂದವರ ತಲೆಗೆ ಕಟ್ಟುವುದು ಸುಲಭ. ನಮಗೆ ಕಾಣುವ ಸತ್ಯ ಬೇರೆ: ನೀರು ತರುವ ಕಾಲುವೆಗೆ ಕೊಟ್ಟ ಗಮನವನ್ನು ನೀರು ಹೊರಹಾಕುವ ಬಸಿಗಾಲುವೆಗೆ ಯಾರೂ ಕೊಡಲಿಲ್ಲ.

ನಿಮ್ಮ ಹೊಲದಲ್ಲಿ ಬಿಳಿ ಪೊರೆ ಕಂಡರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಜಿಪ್ಸಂ ಬೇಕಾದದ್ದು ಕ್ಷಾರದ ಮಣ್ಣಿಗೆ. ಬರೀ ಉಪ್ಪಿನ ಮಣ್ಣಿಗೆ ಒಳ್ಳೆ ನೀರು ಕಟ್ಟಿ, ಬಸಿದು ಹೊರಹಾಕಬೇಕು. ಎರಡಕ್ಕೂ ಬಸಿಗಾಲುವೆ ಬೇಕೇ ಬೇಕು. ಅದು ಒಬ್ಬರ ಹೊಲದಲ್ಲಿ ಮುಗಿಯುವ ಕೆಲಸವಲ್ಲ, ಪಕ್ಕದ ಹೊಲದವರೂ ಕೂಡಬೇಕು.