ಕಲ್ನಾರು: ರಾಯದುರ್ಗ, ಮಡಕಶಿರಾ ಭಾಗದ ಕೆಲಸಗಾರರ ಆರೋಗ್ಯ

ಕಲ್ನಾರು ಎಂದರೆ ಆಸ್ಬೆಸ್ಟಾಸ್. ನೂಲಿನಂತೆ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಖನಿಜಗಳ ಗುಂಪು. ಆಂಧ್ರಪ್ರದೇಶದ ಗಡಿಯಲ್ಲಿ ಕನ್ನಡ ಮಾತು ಉಳಿದಿರುವ ರಾಯದುರ್ಗ ಮತ್ತು ಮಡಕಶಿರಾ ಭಾಗಗಳಲ್ಲಿ ಇದು ಜನರಿಗೆ ಎದುರಾಗುವುದು ಮನೆ, ದನದ ಕೊಟ್ಟಿಗೆ, ಹೊಲಿಗೆ ಷೆಡ್ಡುಗಳಿಗೆ ಹೊದಿಸುವ ಸಿಮೆಂಟ್ ಶೀಟಿನಲ್ಲಿ. ಎರಡೂ ಅನಂತಪುರ ಜಿಲ್ಲೆಯಲ್ಲಿದ್ದವು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ಇಲ್ಲಿನ ನೆಲ ಗ್ರಾನೈಟಿನದು. ಕಲ್ನಾರು ಸಿಗುವುದು ಪೂರ್ವಕ್ಕೆ, ಕಡಪ ಜಿಲ್ಲೆಯ ಪುಲಿವೆಂದುಲದ ಸುತ್ತ. ಅಲ್ಲಿ ಡಾಲಮೈಟ್ ಶಿಲೆಯೊಳಕ್ಕೆ ಶಿಲಾಪಾಕ ನುಗ್ಗಿದ ಅಂಚಿನಲ್ಲಿ ಕ್ರೈಸೊಟೈಲ್ ಎಂಬ ಬಿಳಿ ಕಲ್ನಾರು ರೂಪುಗೊಂಡಿದೆ. ಕರ್ನಾಟಕದಲ್ಲಿ ಹೊಳೆನರಸೀಪುರದ ಕಡೆಯೂ ಹಿಂದೆ ಅಗೆದದ್ದುಂಟು. ಆರೋಗ್ಯದ ಕಾರಣದಿಂದ ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. ಅಗೆಯುವುದು ನಿಂತರೂ ಬಳಸುವುದು ನಿಲ್ಲಲಿಲ್ಲ: ರಷ್ಯಾ, ಕಜಕಸ್ತಾನ, ಬ್ರೆಜಿಲ್‌ಗಳಿಂದ ತರಿಸಿದ ನಾರನ್ನು ಸಿಮೆಂಟಿಗೆ ಬೆರೆಸಿ ಶೀಟು ಮಾಡುತ್ತಾರೆ. ನಮ್ಮ ಗಣಿಯಲ್ಲಿ ಅಪಾಯವಾದದ್ದು ನಮ್ಮ ಚಾವಣಿಯ ಮೇಲೆ ಅಪಾಯವಲ್ಲ ಎನ್ನಲು ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ.

ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಹಿಡಿದುಕೊಂಡಿರುತ್ತದೆ. ಅದನ್ನು ಗರಗಸದಲ್ಲಿ ಕೊಯ್ದಾಗ, ಬೋಲ್ಟಿಗೆ ತೂತು ಕೊರೆದಾಗ, ಹಳೆಯ ಶೀಟನ್ನು ಒಡೆದು ಕೆಳಕ್ಕೆ ಎಸೆದಾಗ, ಪಾಚಿ ತೆಗೆಯಲು ತಂತಿ ಬ್ರಷ್ಷಿನಲ್ಲಿ ಉಜ್ಜಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ವಿದ್ಯುತ್ ಕಟ್ಟರ್‌ನಿಂದ ಏಳುವ ಧೂಳು ಎಲ್ಲಕ್ಕಿಂತ ಕೆಟ್ಟದ್ದು. ಉಸಿರಿನೊಂದಿಗೆ ಒಳಹೊಕ್ಕ ಎಳೆಗಳಲ್ಲಿ ಕೆಲವನ್ನು ದೇಹ ಹೊರಹಾಕಲಾರದು. ಅವು ಶ್ವಾಸಕೋಶವನ್ನು ಕಲೆಗಟ್ಟಿಸಿ ಬಿಗಿಯಾಗಿಸಿದರೆ ಆಸ್ಬೆಸ್ಟೋಸಿಸ್. ಅದಕ್ಕೆ ವಾಸಿಮಾಡುವ ಮದ್ದಿಲ್ಲ. ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಗೆ ಬರುವ ಮೀಸೊಥೆಲಿಯೋಮಾ, ಧ್ವನಿಪೆಟ್ಟಿಗೆ ಮತ್ತು ಅಂಡಾಶಯದ ಕ್ಯಾನ್ಸರ್‌ಗಳೂ ಇದರಿಂದ ಬರುತ್ತವೆ. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಕೆಲಸದಲ್ಲಿ ಕಲ್ನಾರಿನ ಸಂಪರ್ಕದಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಈ ರೋಗಗಳು ಸಾಮಾನ್ಯವಾಗಿ ಹಲವು ದಶಕಗಳ ನಂತರವೇ ತಲೆಯೆತ್ತುತ್ತವೆ. ಮೀಸೊಥೆಲಿಯೋಮಾಕ್ಕೆ 20ರಿಂದ 50 ವರ್ಷ ಹಿಡಿಯಬಹುದು. ಇಪ್ಪತ್ತರ ಹರೆಯದಲ್ಲಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವನಿಗೆ ಅರವತ್ತರಲ್ಲಿ ಏದುಸಿರು ಬಂದರೆ, ಆ ಹಳೆಯ ಕೆಲಸ ಯಾರಿಗೂ ನೆನಪಾಗುವುದಿಲ್ಲ. ಒಣಕೆಮ್ಮನ್ನು ಟಿಬಿ ಎಂದುಕೊಂಡು ವರ್ಷಗಟ್ಟಲೆ ಅಲೆಯುವಂತಾಗಬಹುದು. ಕಲ್ಲುಕ್ವಾರಿಯಲ್ಲೂ ದುಡಿದವನಾಗಿದ್ದರೆ ಗುರುತಿಸುವುದು ಇನ್ನೂ ಕಷ್ಟ. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾದಿಂದ ಬರುವ ಸಿಲಿಕೋಸಿಸ್ ಬೇರೆಯೇ ರೋಗ, ಲಕ್ಷಣಗಳು ಮಾತ್ರ ಹತ್ತಿರ. ಆದ್ದರಿಂದ ಎಲ್ಲಿ, ಎಷ್ಟು ವರ್ಷ, ಯಾವ ಧೂಳಿನಲ್ಲಿ ದುಡಿದೆ ಎಂಬುದನ್ನು ಕೇಳದಿದ್ದರೂ ವೈದ್ಯರಿಗೆ ಹೇಳಬೇಕು.

1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಉದ್ಯಮದ ಕುರಿತು ತೀರ್ಪಿತ್ತು, ಕಾರ್ಮಿಕನ ಆರೋಗ್ಯವನ್ನು ಮೂಲಭೂತ ಹಕ್ಕೆಂದು ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದಿತು. ಈ ತೀರ್ಪು ದೊಡ್ಡದು. ಆದರೆ ಅದು ನೋಡಿದ್ದು ಕಾರ್ಖಾನೆಯನ್ನು. ಮೇಸ್ತ್ರಿ ಕರೆದಲ್ಲಿಗೆ ಹೋಗಿ ಶೀಟು ಹೊದಿಸುವ ದಿನಗೂಲಿಯವನ ದಾಖಲೆಯನ್ನು ಯಾರೂ ಬರೆದಿಡುವುದಿಲ್ಲ.

ಹಾಗಾಗಿ ಅವನ ರಕ್ಷಣೆ ಕೆಲಸದ ಜಾಗದಲ್ಲೇ ಆಗಬೇಕು. ಹೊಸ ಚಾವಣಿಗೆ ಕಲ್ನಾರಿಲ್ಲದ ಶೀಟು ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಹಳೆಯದನ್ನು ಇಳಿಸುವಾಗ ನೀರು ಚಿಮುಕಿಸಿ ನೆನೆಸಿ, ಬೋಲ್ಟು ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಮುರಿದು ಬೀಳುವ ಅಪಾಯವಿದೆ, ಅಡ್ಡಹಲಗೆ ಹಾಕಿಕೊಳ್ಳಬೇಕು. ಮುಖಕ್ಕೆ ಸುತ್ತಿದ ಟವೆಲ್ಲಾಗಲಿ ಬಟ್ಟೆ ಮಾಸ್ಕಾಗಲಿ ಈ ಎಳೆಗಳನ್ನು ತಡೆಯದು. ಮುಖಕ್ಕೆ ಬಿಗಿಯಾಗಿ ಕೂರುವ, ಸೂಕ್ಷ್ಮ ಧೂಳನ್ನು ಸೋಸುವ ಉಸಿರುಕವಚವೇ ಬೇಕು. ಪುಡಿಯನ್ನು ಒಣಗಿದ್ದಾಗ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಬೇಕು. ಅಂಗಳದ ಹಳ್ಳಕ್ಕೋ ದಾರಿಗೋ ತುಂಬಬಾರದು. ಧೂಳು ಕೂತ ಬಟ್ಟೆಯನ್ನು ಮನೆಗೆ ಒಯ್ಯಕೂಡದು: ಶೀಟನ್ನು ಮುಟ್ಟದೆಯೂ, ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದದ್ದರಿಂದಲೇ ಮೀಸೊಥೆಲಿಯೋಮಾಕ್ಕೆ ತುತ್ತಾದ ಹೆಂಗಸರ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ.